ಇಯರ್‌ಬಡ್ ಹಿಡಿದ ಮೋನೆ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಇಂಪ್ರೆಷನಿಸಂ ಕಲಿಸುವುದು ಹೇಗೆ ಎಂದು ಕೇಳಿ ನೋಡಿ, ಉತ್ತರ ಸಿದ್ಧವಾಗಿಯೇ ಇರುತ್ತದೆ. ಕ್ಲೋದ್ ಮೋನೆಯ ನೈದಿಲೆ ಕೊಳದ ಒಂದು ಪ್ರಿಂಟ್‌ಔಟನ್ನು ಬೋರ್ಡಿಗೆ ಅಂಟಿಸಿ, ಮಕ್ಕಳ ಕೈಗೆ ಪೋಸ್ಟರ್ ಬಣ್ಣವನ್ನೂ ಒಂದೊಂದು ಇಯರ್‌ಬಡ್ಡನ್ನೂ ಕೊಟ್ಟರಾಯಿತು. ನೀಲಿ ಚುಕ್ಕೆ, ಹಸಿರು ಚುಕ್ಕೆ, ಅಲ್ಲಲ್ಲಿ ಗುಲಾಬಿ ಚುಕ್ಕೆ, ಮೇಲೊಂದು ಕಮಾನು ಸೇತುವೆ. ಗಂಟೆ ಹೊಡೆಯುವಷ್ಟರಲ್ಲಿ ನಲವತ್ತು ಮಕ್ಕಳಿಂದ ನಲವತ್ತು ಕೊಳ. ವಾರ್ಷಿಕೋತ್ಸವದ ದಿನ ಗೋಡೆಯ ತುಂಬ ಅವೇ. ಮುದ್ರಣ ಕಲೆಯ ಪಾಠ ಇನ್ನೊಂದು ದಿನ: ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಹೊಸ ವರ್ಷದ ಶುಭಾಶಯ ಪತ್ರದ ಅಂಚಿಗೆ ಒತ್ತುವುದು.

ಎರಡೂ ಪಾಠಗಳ ಹಿಂದೆ ಇರುವುದು ಒಂದೇ ನಂಬಿಕೆ. ಇಂಪ್ರೆಷನಿಸಂ ಎಂದರೆ ಕುಂಚದ ಒಂದು ವರಸೆ, ಗೆರೆ ನೆಟ್ಟಗೆ ಬಾರದ ಮಕ್ಕಳಿಗೂ ಒಗ್ಗುವ ಮಸುಕು ಶೈಲಿ. ಮುದ್ರಣ ಎಂದರೆ ಕರಕುಶಲ, ಚಿಕ್ಕವರಿಗೆ ಆಟ, ದೊಡ್ಡವರಿಗೆ ಚಾಕುವಿನ ಅಪಾಯ. ಒಂದು ಮೆದು, ಇನ್ನೊಂದು ಗಡಸು; ಎರಡನ್ನೂ ಜತೆಗೆ ಕಲಿಸಲು ಹೋದರೆ ಎರಡೂ ಕೆಡುತ್ತವೆ. ಈ ನಂಬಿಕೆ ಚರಿತ್ರೆಯ ದೃಷ್ಟಿಯಿಂದ ಸುಳ್ಳು, ತರಗತಿಯ ದೃಷ್ಟಿಯಿಂದ ನಷ್ಟ. ಇಂಪ್ರೆಷನಿಸ್ಟರು ನಿಜಕ್ಕೂ ಏನು ಮಾಡಿದರೆಂಬುದು ಹನ್ನೆರಡು ವರ್ಷದ ಮಗುವಿಗೆ ತಿಳಿಯಬೇಕಾದರೆ ಕುಂಚಕ್ಕಿಂತ ಮಸಿ ಹಚ್ಚಿದ ಫಲಕವೇ ಒಳ್ಳೆಯ ಮೇಷ್ಟ್ರು.

ಮೊದಲು ಇಯರ್‌ಬಡ್ಡಿನ ಲೆಕ್ಕ ಚುಕ್ತಾ ಆಗಲಿ. ಚುಕ್ಕೆಗೆ ಚುಕ್ಕೆ ಸೇರಿಸಿ ಚಿತ್ರ ಕಟ್ಟುವ ವಿಧಾನ ಮೋನೆಯದಲ್ಲ, ಜಾರ್ಜ್ ಸೆರಾ ಎಂಬವನದು. ಗ್ರಾಂಡ್ ಜಾಟ್ ದ್ವೀಪದ ಭಾನುವಾರವನ್ನು ತೋರಿಸುವ ಅವನ ದೊಡ್ಡ ಚಿತ್ರ ಜನರೆದುರು ಬಂದದ್ದು 1886ರಲ್ಲಿ, ಇಂಪ್ರೆಷನಿಸ್ಟರ ಎಂಟನೆಯ ಹಾಗೂ ಕೊನೆಯ ಪ್ರದರ್ಶನದಲ್ಲಿ. ಆ ಪ್ರದರ್ಶನದಲ್ಲಿ ಮೋನೆ ಭಾಗವಹಿಸಲಿಲ್ಲ. ಗುಂಪಿನ ರೆನ್ವಾ ಇಲ್ಲ, ಸಿಸ್ಲಿಯೂ ಇಲ್ಲ. ಅಂದರೆ ಮೋನೆ ದೂರ ಉಳಿದ ಪ್ರದರ್ಶನದ ಕಸುಬನ್ನು ನಮ್ಮ ಮಕ್ಕಳು ಮೋನೆಯ ಹೆಸರಿನಲ್ಲಿ ಮಾಡುತ್ತಿದ್ದಾರೆ. ಇದೇ ಪಾಠದಲ್ಲಿ ವ್ಯಾನ್ ಗೋನ ನಕ್ಷತ್ರದ ರಾತ್ರಿಯನ್ನೂ ಸೇರಿಸುವವರಿದ್ದಾರೆ. ಆತ ಆ ಎಂಟು ಪ್ರದರ್ಶನಗಳಲ್ಲಿ ಒಂದರಲ್ಲೂ ಚಿತ್ರ ಇಟ್ಟವನಲ್ಲ. ಮಕ್ಕಳಿಗೆ ಹೆಸರು ಆಚೀಚೆಯಾದರೆ ಮುಳುಗಿಹೋಗುವುದೇನು ಎಂದು ಕೇಳಬಹುದು. ಹೆಸರು ಹೋಗಲಿ ಬಿಡಿ. ಈ ಪಾಠದ ನಲವತ್ತು ನಿಮಿಷದಲ್ಲಿ ಮಗು ಒಮ್ಮೆಯೂ ತಲೆಯೆತ್ತಿ ಕಿಟಕಿಯಾಚೆ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಕೈಗೆ ಒಂದು ಚಮತ್ಕಾರ ಸಿಕ್ಕಿತು, ಕಣ್ಣಿಗೆ ಏನೂ ಸಿಗಲಿಲ್ಲ. ಬಯಲಿನ ಬೆಳಕನ್ನು ನೋಡುವುದಕ್ಕೆಂದೇ ಹುಟ್ಟಿದ ಪಂಥವೊಂದನ್ನು ಟ್ಯೂಬ್‌ಲೈಟಿನ ಕೆಳಗೆ, ಫೋಟೋ ಪ್ರತಿ ನೋಡಿಕೊಂಡು ಕಲಿಸುತ್ತಿದ್ದೇವೆ.

ಈಗ ಚರಿತ್ರೆ. 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ಬುಲ್ವಾರ್ ದೆ ಕಪುಸಿನ್ ಬೀದಿಯಲ್ಲಿ, ಛಾಯಾಗ್ರಾಹಕ ನಾದಾರ್ ತೆರವು ಮಾಡಿದ್ದ ಸ್ಟುಡಿಯೋದಲ್ಲಿ ಈ ಗುಂಪಿನ ಮೊದಲ ಪ್ರದರ್ಶನ ತೆರೆಯಿತು. ಮೋನೆಯ ಸೂರ್ಯೋದಯದ ಚಿತ್ರ ಅಲ್ಲಿತ್ತೆಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಅದೇ ಗೋಡೆಗಳ ಮೇಲೆ ಫೆಲಿಕ್ಸ್ ಬ್ರಾಕ್‌ಮೋನ ಎಚ್ಚಿಂಗ್‌ಗಳು, ಅಂದರೆ ಲೋಹದ ಫಲಕ ಕೊರೆದು ತೆಗೆದ ಅಚ್ಚುಗಳು, ಸಾಲಾಗಿ ತೂಗುತ್ತಿದ್ದವೆಂಬುದನ್ನು ಮಕ್ಕಳ ಪುಸ್ತಕಗಳು ಹೇಳುವುದಿಲ್ಲ. ಗುಂಪನ್ನು ಗೇಲಿ ಮಾಡಿ ಹೆಸರಿಟ್ಟ ವಿಮರ್ಶಕ ಲೂಯಿ ಲೆರ್ವಾ ಕೂಡ ಕಸುಬಿನಿಂದ ಫಲಕ ಕೊರೆಯುವವನೇ. ಬೈದವನ ಕೈಯಲ್ಲೂ ಮಸಿ, ಬೈಸಿಕೊಂಡವರ ಕೈಯಲ್ಲೂ ಮಸಿ.

ಆ ಪ್ರದರ್ಶನದಲ್ಲಿ ಲುದೊವಿಕ್ ಲೆಪಿಕ್ ಎಂಬ ಒಬ್ಬನಿದ್ದ. ಇಂದು ಹೆಚ್ಚು ಜನ ನೆನೆಯದ ಹೆಸರು, ಆದರೆ ಈ ವಾದಕ್ಕೆ ಇವನಷ್ಟು ಬಲವಾದ ಸಾಕ್ಷಿ ಇನ್ನೊಬ್ಬನಿಲ್ಲ. ಲೆಪಿಕ್ ಶೆಲ್ಟ್ ನದಿಯ ದಡದ ಒಂದು ನೋಟವನ್ನು ತಾಮ್ರದ ಫಲಕದ ಮೇಲೆ ಕೊರೆದ. ಆಮೇಲೆ ಫಲಕದ ಗೆರೆಗಳನ್ನು ಹಾಗೆಯೇ ಬಿಟ್ಟು, ಮಸಿಯನ್ನು ಮಾತ್ರ ಪ್ರತಿ ಸಲ ಬೇರೆ ರೀತಿ ಹಚ್ಚಿ, ಬಟ್ಟೆಯಿಂದ ಬೇರೆ ರೀತಿ ಒರೆಸಿ ಅಚ್ಚು ತೆಗೆಯುತ್ತ ಹೋದ. ಒಂದರಲ್ಲಿ ಬೆಳದಿಂಗಳು, ಇನ್ನೊಂದರಲ್ಲಿ ಮಳೆ, ಮತ್ತೊಂದರಲ್ಲಿ ಹಿಮ. ಹೀಗೆ ಒಂದೇ ಫಲಕದಿಂದ 85 ಬೇರೆ ಬೇರೆ ಪ್ರತಿಗಳನ್ನು ತೆಗೆದೆನೆಂದು ಅವನೇ ಬರೆದುಕೊಂಡಿದ್ದಾನೆ. ಇದು 1870ರ ದಶಕದ ಮಾತು. ಒಂದೇ ಬಣವೆಯನ್ನು ಬೆಳಗ್ಗೆ, ಸಂಜೆ, ಮಂಜಿನಲ್ಲಿ, ಹಿಮದಲ್ಲಿ ಮತ್ತೆ ಮತ್ತೆ ಬರೆದ ಮೋನೆಯ ಪ್ರಸಿದ್ಧ ಸರಣಿ ಪ್ರದರ್ಶನ ಕಂಡದ್ದು 1891ರಲ್ಲಿ. ವಸ್ತು ಒಂದೇ, ಬೆಳಕು ಮಾತ್ರ ಬೇರೆ ಎಂಬ ಪ್ರಯೋಗವನ್ನು ಅಚ್ಚಿನ ಕೋಣೆ ಮೊದಲೇ ಮಾಡಿ ಮುಗಿಸಿತ್ತು.

ಅದೇ ಗುಂಪಿನ ಎಡ್ಗರ್ ದೆಗಾನಿಗೆ ಮೊನೊಟೈಪ್ ತೋರಿಸಿಕೊಟ್ಟವನೂ ಈ ಲೆಪಿಕ್‌ನೇ. ನುಣುಪಾದ ಲೋಹದ ಹಾಳೆಯ ಮೇಲೆ ದಪ್ಪ ಮಸಿಯಲ್ಲಿ ಚಿತ್ರ ಮಾಡಿ, ಒಣಗುವ ಮೊದಲೇ ಒದ್ದೆ ಕಾಗದ ಹೊದಿಸಿ ಒತ್ತುವುದು. ಕೊರೆಯುವ ಕೆಲಸವೇ ಇಲ್ಲ. ಅವರ ಮೊದಲ ಅಚ್ಚಿನ ಫಲಕದ ಮೇಲೆ ಇಬ್ಬರ ಸಹಿಯೂ ಇದೆ. ಅಲ್ಲಿಂದ ದೆಗಾನಿಗೆ ಹುಚ್ಚೇ ಹಿಡಿಯಿತು, ಮುನ್ನೂರರ ಆಸುಪಾಸು ಮೊನೊಟೈಪ್ ಮಾಡಿದ. ಅವುಗಳಲ್ಲಿ ಅನೇಕವನ್ನು ಮಾಡಿದ ಕ್ರಮವೇ ಇಲ್ಲಿ ಮುಖ್ಯ. ಇಡೀ ಫಲಕಕ್ಕೆ ಕಪ್ಪು ಮಸಿ ಬಳಿದು, ಬೆಳಕು ಬೇಕಾದ ಕಡೆ ಚಿಂದಿ ಬಟ್ಟೆಯಿಂದ, ಕುಂಚದ ಹಿಂಬದಿಯಿಂದ, ಬೆರಳಿನಿಂದ ಮಸಿ ತೆಗೆಯುತ್ತಿದ್ದ. ಕೆಲವು ಪ್ರತಿಗಳಲ್ಲಿ ಅವನ ಬೆರಳ ಗುರುತು ಈಗಲೂ ಕಾಣುತ್ತದೆ. ಇಂಪ್ರೆಷನಿಸ್ಟರು ಕಪ್ಪನ್ನು ಮುಟ್ಟಲಿಲ್ಲ ಎಂದು ಬರೆಸುವ ನೋಟ್ಸುಗಳನ್ನು ಈ ಚಿತ್ರಗಳ ಪಕ್ಕ ಇಟ್ಟು ನೋಡಬೇಕು. ಎಂಟು ಪ್ರದರ್ಶನಗಳ ಪೈಕಿ ಏಳರಲ್ಲಿ ಭಾಗವಹಿಸಿದವನು ಕಪ್ಪಿನೊಳಗಿಂದಲೇ ದೀಪದ ಬೆಳಕು ತೆಗೆದ.

ಫಲಕದಲ್ಲಿ ಉಳಿದ ಮಸಿಯಿಂದ ಇನ್ನೊಂದು ಪ್ರತಿ ತೆಗೆದರೆ ಅದು ತೆಳುವಾಗಿ, ನೆರಳಿನಂತೆ ಬರುತ್ತದೆ. ದೆಗಾ ಅದನ್ನು ಎಸೆಯಲಿಲ್ಲ. ಅದರ ಮೇಲೆ ಪೇಸ್ಟಲ್ ಹಚ್ಚಿ ಬಣ್ಣದ ಚಿತ್ರ ಮಾಡಿದ. ಇಂದು ಮ್ಯೂಸಿಯಂಗಳಲ್ಲಿ ಪೇಸ್ಟಲ್ ಎಂದು ಜನ ಮೆಚ್ಚಿಕೊಳ್ಳುವ ಅವನ ನರ್ತಕಿಯರ ಕೆಲವು ಚಿತ್ರಗಳ ಅಡಿಯಲ್ಲಿ ಇಂಥ ಎರಡನೇ ಅಚ್ಚು ಇದೆ.

ಕಮೀಯ್ ಪಿಸ್ಸಾರೋ ಎಂಟೂ ಪ್ರದರ್ಶನಗಳಲ್ಲಿ ಚಿತ್ರ ಇಟ್ಟ ಏಕೈಕ ಕಲಾವಿದ. ಗುಂಪಿನ ಹಿರಿಯನೆಂದರೂ ಸರಿ. 1880ರ ಪ್ರದರ್ಶನದಲ್ಲಿ ಅವನು ಒಂದೇ ಫಲಕದ ಬೇರೆ ಬೇರೆ ಹಂತದ ಅಚ್ಚುಗಳನ್ನು ಒಂದೇ ಚೌಕಟ್ಟಿನೊಳಗೆ ಜೋಡಿಸಿ ತೂಗುಹಾಕಿದ. ಕೊನೆಯ ಪ್ರತಿ ಮಾತ್ರ ಚಿತ್ರ, ಹಿಂದಿನವು ಕಸ ಎಂಬ ಲೆಕ್ಕಾಚಾರವನ್ನೇ ಆ ಚೌಕಟ್ಟು ತಳ್ಳಿಹಾಕಿತು. ಆಗ ದೆಗಾ, ಪಿಸ್ಸಾರೋ, ಅಮೆರಿಕದಿಂದ ಬಂದ ಮೇರಿ ಕಸಾಟ್ ಮೂವರೂ ಸೇರಿ ಅಚ್ಚುಚಿತ್ರಗಳದೇ ಒಂದು ಪತ್ರಿಕೆ ತರಲು ಹೊರಟಿದ್ದರು. ‘ಹಗಲು ಮತ್ತು ರಾತ್ರಿ’ ಎಂಬ ಅರ್ಥದ ಹೆಸರೂ ಸಿದ್ಧವಿತ್ತು, ಪತ್ರಿಕೆ ಮಾತ್ರ ಹೊರಬರಲಿಲ್ಲ. ಹತ್ತು ವರ್ಷದ ಬಳಿಕ, 1890ರಲ್ಲಿ, ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಜಪಾನಿನ ಮರದಚ್ಚು ಚಿತ್ರಗಳ ಭಾರಿ ಪ್ರದರ್ಶನ ನಡೆಯಿತು. ಅದನ್ನು ನೋಡಿ ಬಂದ ಕಸಾಟ್ ಹತ್ತು ಬಣ್ಣದ ಅಚ್ಚುಗಳ ಒಂದು ಸರಣಿ ಮಾಡಿದಳು: ಲಕೋಟೆ ಅಂಟಿಸುತ್ತಿರುವ ಹೆಂಗಸು, ಮುಡಿ ಕಟ್ಟಿಕೊಳ್ಳುತ್ತಿರುವವಳು, ಮಗುವಿಗೆ ಸ್ನಾನ ಮಾಡಿಸುತ್ತಿರುವ ತಾಯಿ. ಎಲ್ಲಿಯೂ ಮಸುಕಿಲ್ಲ, ಚುಕ್ಕೆಯಿಲ್ಲ. ಚಪ್ಪಟೆ ಬಣ್ಣ, ಹರಿತವಾದ ಗೆರೆ. ಈ ಸರಣಿ ಪ್ಯಾರಿಸ್ಸಿನ ದ್ಯುರಾಂ ರುಯೆಲ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡದ್ದು 1891ರ ಏಪ್ರಿಲ್‌ನಲ್ಲಿ. ಮುಂದಿನ ತಿಂಗಳು ಮೋನೆಯ ಬಣವೆಗಳು ಬಂದದ್ದೂ ಅದೇ ಗ್ಯಾಲರಿಗೆ.

ಆದರೆ ಮೋನೆ ಸ್ವತಃ ಅಚ್ಚಿನ ಫಲಕಕ್ಕೆ ಕೈ ಹಾಕಿದವನಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ನಿಜ, ಅವನು ಬಣ್ಣಗಾರ. ಆದರೆ ಜಿವರ್ನಿಯ ಅವನ ಮನೆಯ ಊಟದ ಕೋಣೆಯ ಗೋಡೆಗಳ ಮೇಲೆ ಏನಿತ್ತು? ಹೊಕುಸಾಯ್, ಹಿರೊಶಿಗೆ, ಉತಮಾರೊ. ಅವನು ಕೂಡಿಹಾಕಿದ ಜಪಾನಿ ಮರದಚ್ಚುಗಳ ಸಂಖ್ಯೆ ಇನ್ನೂರು ದಾಟುತ್ತದೆ. 1893ರಲ್ಲಿ ಮನೆಯೆದುರು ಜಾಗ ಕೊಂಡು ಕೊಳ ತೋಡಿಸಿ, ಅದರ ಮೇಲೆ ಜಪಾನಿ ರೀತಿಯ ಸೇತುವೆ ಕಟ್ಟಿಸಿದ. ನಮ್ಮ ಮಕ್ಕಳು ಇಯರ್‌ಬಡ್ ಹಿಡಿದು ನಕಲು ಮಾಡುವುದು ಅದೇ ಸೇತುವೆಯನ್ನು. ಹಿರೊಶಿಗೆಯ ಅಚ್ಚುಗಳಲ್ಲಿ ಅದರ ಅಕ್ಕತಂಗಿಯರು ಸಿಗುತ್ತಾರೆ. ಮುದ್ರಣಕ್ಕೂ ಇಂಪ್ರೆಷನಿಸಂಗೂ ಸಂಬಂಧವಿಲ್ಲವೆನ್ನುವವರು ತಮ್ಮ ಬೋರ್ಡಿನ ಮೇಲಿರುವ ಸೇತುವೆಯ ಬುಡವನ್ನಾದರೂ ನೋಡಬಾರದೇ?

ಚರಿತ್ರೆಯನ್ನು ಇಷ್ಟು ಎಳೆದದ್ದು ತರಗತಿಗೋಸ್ಕರ. ಇವರೆಲ್ಲರಲ್ಲಿ ಸಮಾನವಾದ ಕುಂಚದ ವರಸೆ ಇಲ್ಲವೇ ಇಲ್ಲ. ಸಮಾನವಾದದ್ದು ಕಂಡದ್ದನ್ನು ಮತ್ತೆ ನೋಡುವ ಹಟ. ಅದೇ ಮರ, ಅದೇ ನದಿ, ಅದೇ ಹೆಂಗಸು. ಗಂಟೆ ಬೇರೆ, ಹವೆ ಬೇರೆ. ಈ ಹಟವನ್ನು ಬಣ್ಣ ಮತ್ತು ಕ್ಯಾನ್ವಾಸಿನಲ್ಲಿ ಹನ್ನೆರಡು ವರ್ಷದ ಮಗುವಿಗೆ ಕಲಿಸುವುದು ಕಷ್ಟ. ಒಂದು ಮರ ಬರೆಯುವಷ್ಟರಲ್ಲಿ ಅದರ ತಾಳ್ಮೆ ಮುಗಿದಿರುತ್ತದೆ, ಅದೇ ಮರವನ್ನು ಇನ್ನೊಮ್ಮೆ ಬರೆ ಎಂದರೆ ಶಿಕ್ಷೆ ಕೊಟ್ಟಂತೆ. ಫಲಕವಾದರೆ ಮರ ಅಲ್ಲೇ ಇರುತ್ತದೆ. ಬದಲಾಯಿಸಬೇಕಾದದ್ದು ಮಸಿ ಮಾತ್ರ.

ಶಾಲೆಯಂಗಳದ ಬೇವಿನ ಮರವೇ ಸಾಕು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ, ಮಧ್ಯಾಹ್ನದ ಊಟದ ಹೊತ್ತಿಗೆ ಒಮ್ಮೆ, ಸಂಜೆಯ ಗಂಟೆಗೆ ಒಮ್ಮೆ ಮಕ್ಕಳನ್ನು ಅದರೆದುರು ಕೂರಿಸಿ, ನೆರಳು ಯಾವ ಬಣ್ಣ, ಬೊಡ್ಡೆಯ ಯಾವ ಬದಿ ಬೆಳಗಿದೆ ಎಂಬುದನ್ನು ಮಾತಿನಲ್ಲಿ ಬರೆಸಬೇಕು. ನೆರಳು ಕಪ್ಪಲ್ಲ, ನೇರಳೆಯಂತಿದೆ ಎಂದು ಯಾವುದಾದರೂ ಮಗು ಹೇಳಿದ ಕ್ಷಣ ಅರ್ಧ ಪಾಠ ಮುಗಿದಂತೆ. ಆಮೇಲೆ ಥರ್ಮೋಕೋಲ್ ತಟ್ಟೆಯ ಅಂಚು ಕತ್ತರಿಸಿ ತೆಗೆದು, ಆ ಹಾಳೆಯ ಮೇಲೆ ಬಾಲ್‌ಪೆನ್ನನ್ನು ಒತ್ತಿ ಮರದ ಗೆರೆ ಎಳೆಯುವುದು. ಗೆರೆ ತಗ್ಗಾಗುತ್ತದೆ, ರೋಲರ್ ಉರುಳಿಸಿದಾಗ ಅಲ್ಲಿಗೆ ಮಸಿ ತಾಗುವುದಿಲ್ಲ. ಕಾಗದ ಹೊದಿಸಿ ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಬಂತು. ಅದೇ ಹಾಳೆಗೆ ಬೆಳಗಿನ ಬೂದು ನೀಲಿ, ಮಧ್ಯಾಹ್ನದ ಉರಿ ಹಳದಿ. ರೋಲರಿನ ಒಂದು ತುದಿಗೆ ಕಿತ್ತಳೆ, ಇನ್ನೊಂದು ತುದಿಗೆ ನೇರಳೆ ಕೊಟ್ಟು ಉರುಳಿಸಿದರೆ ಸಂಜೆಯ ಆಕಾಶ ತಾನಾಗಿ ಬೆರೆತು ಬರುತ್ತದೆ. ಹಿರೊಶಿಗೆಯ ಅಚ್ಚುಗಾರರು ಮರದ ಹಲಗೆಯ ಮೇಲೆ ಬಣ್ಣ ಒರೆಸಿ ಆಕಾಶವನ್ನು ತಿಳಿಯಿಂದ ಗಾಢಕ್ಕೆ ತಂದದ್ದು ಇದೇ ತತ್ವದ ಮೇಲೆ. ಮೂರು ಪ್ರತಿಗಳನ್ನೂ ಒಂದೇ ರಟ್ಟಿಗೆ ಅಂಟಿಸಿ ತೂಗುಹಾಕಿದರೆ ಪಿಸ್ಸಾರೋನ ಚೌಕಟ್ಟು ನಮ್ಮ ಗೋಡೆಗೂ ಬಂತು.

ಏಳನೇ ತರಗತಿಗೆ ಮೊನೊಟೈಪ್. ಹಳೆಯ ಎಕ್ಸ್‌ರೇ ಹಾಳೆ ಅಥವಾ ಓಎಚ್‌ಪಿ ಶೀಟಿನ ಮೇಲೆ ಮಸಿ ಬಳಿದು, ಬೆಳಕಿದ್ದಲ್ಲಿ ಮಸಿ ತೆಗೆಯುವುದು. ಬೇಕಾದರೆ ಇಯರ್‌ಬಡ್ ಇಲ್ಲಿ ಕೊಡಿ, ಕೊನೆಗೂ ಅದು ಒರೆಸುವ ಕೆಲಸಕ್ಕೆ ಬರುತ್ತದೆ. ಮಸುಕಾದ ಎರಡನೇ ಪ್ರತಿಯ ಮೇಲೆ ಆಯಿಲ್ ಪೇಸ್ಟಲ್. ಇಷ್ಟರಲ್ಲಿ ದೆಗಾನ ಇಡೀ ವಿಧಾನ ಮಕ್ಕಳ ಕೈಗೆ ಬಂದಿರುತ್ತದೆ.

ಮೊದಲು ಚಿತ್ರ ಬರೆಯುವುದನ್ನು ಸರಿಯಾಗಿ ಕಲಿಯಲಿ, ಆಮೇಲೆ ಅಚ್ಚು ಗಿಚ್ಚು ನೋಡೋಣ ಎನ್ನುವವರ ವಾದ ತಳ್ಳಿಹಾಕುವಂಥದ್ದಲ್ಲ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳ ನೆರಳಿನಲ್ಲಿ ಬೆಳೆದ ಶಿಕ್ಷಕರಿಗೆ ಅದು ಸಹಜವೂ ಹೌದು. ಆದರೆ ಈ ವಯಸ್ಸಿನ ಮಕ್ಕಳ ಸ್ಥಿತಿಯನ್ನು ಅದು ಮರೆಯುತ್ತದೆ. ವಿಕ್ಟರ್ ಲೊವೆನ್‌ಫೆಲ್ಡ್ 1947ರಲ್ಲಿ ಹೊರತಂದ, ಮಕ್ಕಳ ಕಲೆಯ ಬೆಳವಣಿಗೆಯ ಬಗೆಗಿನ ಪುಸ್ತಕ ಇದನ್ನು ಬಿಡಿಸಿ ಹೇಳಿತು: ಒಂಬತ್ತು ಹತ್ತರ ನಂತರ ಮಗು ತನ್ನ ಚಿತ್ರವನ್ನು ತಾನೇ ಟೀಕಿಸಲು ಶುರುಮಾಡುತ್ತದೆ, ನಿಜದಂತೆ ಬರಲಿಲ್ಲವೆಂದು ನಿರಾಶೆಪಡುತ್ತದೆ. ನನಗೆ ಡ್ರಾಯಿಂಗ್ ಬರಲ್ಲ ಎಂಬ ಮಾತು ಹುಟ್ಟುವ ವಯಸ್ಸು ಇದು. ಈ ಹೊತ್ತಿನಲ್ಲಿ ಇನ್ನಷ್ಟು ಪೆನ್ಸಿಲ್, ಇನ್ನಷ್ಟು ರಬ್ಬರ್ ಕೊಡುವುದು ಗಾಯದ ಮೇಲೆ ಬರೆ. ಅಚ್ಚಿನಲ್ಲಿ ಒಂದು ಅನಿರೀಕ್ಷಿತ ಇರುತ್ತದೆ. ಕಾಗದ ಎತ್ತುವವರೆಗೆ ಏನು ಬಂದಿದೆಯೆಂದು ಮೇಷ್ಟ್ರಿಗೂ ಗೊತ್ತಿಲ್ಲ. ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ಚೆನ್ನಾಗಿ ಬರೆಯುವವನಿಗೂ ಬರೆಯಲಾರದವನಿಗೂ ಅಲ್ಲಿ ಅಂತರ ಕಡಿಮೆ.

ಮಕ್ಕಳಿಗೆ ಅಚ್ಚು ಕಲಿಸುವುದು ಹೊಸ ಫ್ಯಾಷನ್ನೂ ಅಲ್ಲ. ಫ್ರಾಂಟ್ಸ್ ಚಿಝೆಕ್ ವಿಯೆನ್ನಾದಲ್ಲಿ 1897ರಲ್ಲಿ ಮಕ್ಕಳ ಕಲಾ ತರಗತಿ ತೆರೆದ. ಅಲ್ಲಿನ ಮಕ್ಕಳು ನೆಲಹಾಸಿನ ಲಿನೋಲಿಯಂ ಕೊರೆದು ಅಚ್ಚು ತೆಗೆದರು. ಆ ಕೆಲಸಗಳು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಊರೂರು ಸುತ್ತಿ ದೊಡ್ಡವರ ಕಲೆಯ ಮೇಲೂ ಪ್ರಭಾವ ಬೀರಿದವು. ರವೀಂದ್ರನಾಥ ಟ್ಯಾಗೋರರ ‘ಸಹಜ ಪಾಠ’ 1930ರಲ್ಲಿ ಬಂದಾಗ ಆ ಬಂಗಾಳಿ ಬಾಲಬೋಧೆಗೆ ನಂದಲಾಲ್ ಬೋಸ್ ಮಾಡಿಕೊಟ್ಟದ್ದು ಲಿನೋಕಟ್ ಚಿತ್ರಗಳನ್ನು. ಕನ್ನಡಕ್ಕಂತೂ ಅಚ್ಚು ಪರಕೀಯವೇ ಅಲ್ಲ. 1843ರ ‘ಮಂಗಳೂರ ಸಮಾಚಾರ’, ನಮ್ಮ ಮೊದಲ ಪತ್ರಿಕೆ, ಹೊರಬಂದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ದೆಗಾ, ಪಿಸ್ಸಾರೋ ಚಿತ್ರ ತೆಗೆದ ಲಿಥೋಗ್ರಫಿ ಅದೇ ಕಲ್ಲಚ್ಚು.

ಅಚ್ಚಿನಲ್ಲಿ ಬೆಳಕು, ನೀರು ತೋರಿಸಲಾಗದು ಎನ್ನುವವರು ಕೃಷ್ಣ ರೆಡ್ಡಿಯವರ ಕೆಲಸ ನೋಡಬೇಕು. ನಮ್ಮ ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್ಸಿನ ಆತೆಲ್ಯೇ 17 ಎಂಬ ಅಚ್ಚಿನ ಕಾರ್ಯಾಗಾರದಲ್ಲಿ ದುಡಿದವರು. ಒಂದೇ ಫಲಕದಿಂದ, ಮಸಿಯ ಅಂಟು ಗುಣದ ಹೆಚ್ಚುಕಡಿಮೆಯಿಂದ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. 1963ರ ಅವರ ಸುಳಿಯ ಚಿತ್ರದಲ್ಲಿ ನೀರು ತಿರುಗುವುದು ಬಣ್ಣ ಬಳಿದ ಕ್ಯಾನ್ವಾಸಿನಲ್ಲಲ್ಲ, ಕೊರೆದ ಲೋಹದಲ್ಲಿ.

ಉಳಿದವು ವ್ಯವಸ್ಥೆಯ ಆಕ್ಷೇಪಗಳು. ಚಾಕು ಅಪಾಯ ಎನ್ನುತ್ತಾರೆ. ಲಿನೋ ಕೊರೆಯುವ ಕೆಲಸ ಎಂಟನೇ ತರಗತಿಗಿರಲಿ. ಹಲಗೆಗೆ ತಡೆಪಟ್ಟಿ ಹೊಡೆದು, ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಬೇಕೆಂದು ಕಟ್ಟುನಿಟ್ಟು ಮಾಡಿ, ಲಿನೋವನ್ನು ಹತ್ತು ನಿಮಿಷ ಬಿಸಿಲಿಗಿಟ್ಟು ಮೆತ್ತಗಾಗಿಸಿದರೆ ಉಳಿ ಜಾರುವುದು ಕಡಿಮೆ. ಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುವ ಮಕ್ಕಳ ಮೇಲೆ ಶಾಲೆಗೆ ಮಾತ್ರ ನಂಬಿಕೆಯಿಲ್ಲ. ವಿದೇಶಿ ವಿಡಿಯೋಗಳಲ್ಲಿ ತೋರಿಸುವ ಜೆಲಟಿನ್ ಫಲಕ ನಮ್ಮ ಕಡೆ ಆಗದು ಎನ್ನುವುದು ಇನ್ನೊಂದು. ಅದು ಸರಿಯೇ. ಜೆಲಟಿನ್ ಕಲಬುರಗಿಯ ಏಪ್ರಿಲ್‌ನಲ್ಲಿ ಕರಗಿ ಹೋದೀತು, ಮೂಳೆ ಚರ್ಮದಿಂದ ಬರುವ ವಸ್ತುವಾದ್ದರಿಂದ ಕೆಲವು ಮನೆಗಳಿಂದ ತಕರಾರೂ ಬಂದೀತು. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್ ಕಡಲಪಾಚಿಯದು. ಒಮ್ಮೆ ಹೆಪ್ಪುಗಟ್ಟಿದರೆ 85 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವವರೆಗೆ ಕರಗುವುದಿಲ್ಲ. ಜೆಲಟಿನ್‌ಗಿಂತ ಪೆಡಸು, ಬಿರುಕು ಬೇಗ ಬಿಡುತ್ತದೆ, ಅಷ್ಟೇ. ಪೋಸ್ಟರ್ ಬಣ್ಣ ನಮ್ಮ ಬಿಸಿಲಿಗೆ ಫಲಕದ ಮೇಲೆಯೇ ಒಣಗುವುದಕ್ಕೆ ಎರಡು ಹನಿ ಗ್ಲಿಸರಿನ್ ಮತ್ತು ಒದ್ದೆ ಕಾಗದ ಪರಿಹಾರ. ಕೊಠಡಿ ಗಲೀಜಾಗುತ್ತದೆ ಎಂಬ ದೂರಿಗೆ ಮಾತ್ರ ಉತ್ತರವಿಲ್ಲ. ಆಗುತ್ತದೆ.

ಅಸಲು ಅಡ್ಡಿ ಬೇರೆಯೇ. ಇಯರ್‌ಬಡ್ ಕೊಳ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಹೆಬ್ಬೆರಳು ಗಿಟ್ಟಿಸುತ್ತದೆ, ನಲವತ್ತೂ ಒಂದೇ ಥರ ಇರುವುದರಿಂದ ಯಾರ ಮಗುವೂ ಹಿಂದೆ ಬಿದ್ದಂತೆ ತೋರುವುದಿಲ್ಲ. ಮಸಿ ಮೆತ್ತಿದ ಮೂರು ಬೇವಿನ ಮರಗಳು ಅಷ್ಟು ಸುಲಭಕ್ಕೆ ಮೆಚ್ಚುಗೆ ಪಡೆಯುವುದಿಲ್ಲ. ಹೊರಗೆ ಹೋಗಿ ನೋಡುವ ಕಷ್ಟಕ್ಕೆ ನಮ್ಮಲ್ಲಿ ಮಾದರಿಗಳಿಲ್ಲವೆಂದಲ್ಲ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ಕೂತು ಬರೆದರು. ಜಿವರ್ನಿಯ ಕೊಳವನ್ನು ಫೋಟೋದಲ್ಲಿ ತೋರಿಸುವ ಶಿಕ್ಷಕರು ಈ ಊರಿನದೇ ಮರಗಳ ಚಿತ್ರಗಳನ್ನೂ ತೋರಿಸಬಹುದಲ್ಲ.

ಜೂನ್‌ನಲ್ಲಿ ತರಗತಿಗಳು ಭರದಿಂದ ಶುರುವಾಗುತ್ತವೆ. ಮುಂಗಾರು ಮೋಡದಿಂದಾಗಿ ಅಂಗಳದ ಬೆಳಕು ಒಂದು ಪೀರಿಯಡ್ಡಿನೊಳಗೇ ಎರಡು ಮೂರು ಸಲ ಬದಲಾಗುವ ತಿಂಗಳು ಅದು. ಡ್ರಾಯಿಂಗ್ ಮೇಷ್ಟ್ರುಗಳು ಈ ವರ್ಷ ಮೊದಲ ಪಾಠಕ್ಕೆ ಮಕ್ಕಳನ್ನು ಹೊರಗೆ ಕರೆದೊಯ್ಯಲಿ. ಮುಖ್ಯೋಪಾಧ್ಯಾಯರು ಅಷ್ಟರೊಳಗೆ ನಾಲ್ಕು ರೋಲರ್ ಮತ್ತು ಒಂದು ಡಬ್ಬಿ ಮಸಿಯ ಬಿಲ್ಲಿಗೆ ಸಹಿ ಹಾಕಿರಲಿ.